ಬಣ್ಣ ನೋಡಿ ಅಂಟು ಹಚ್ಚುವ ಮುನ್ನ: ರಿಮೋಟ್ ಕಾರಿನ ಸ್ಕ್ರೂಗಳಿಗೆ ಥ್ರೆಡ್‌ಲಾಕರ್ ಆಯ್ಕೆ

ಮಂಡ್ಯ ತಾಲ್ಲೂಕಿನ ಕೊತ್ತತ್ತಿ ಹೋಬಳಿಯ ಸುತ್ತಮುತ್ತ ಭತ್ತ, ಕಬ್ಬು, ಆಲೆಮನೆಗಳ ಸೀಮೆ. ಇಂಥ ಕಡೆ ಪವರ್ ಟಿಲ್ಲರ್, ಡೀಸೆಲ್ ಪಂಪು, ಕಬ್ಬು ಅರೆಯುವ ಗಾಣ ಇದ್ದೇ ಇರುತ್ತವೆ. ಒಂಟಿ ಸಿಲಿಂಡರಿನ ಎಂಜಿನ್ ಓಡಿದಷ್ಟೂ ನಟ್ಟು ಬೋಲ್ಟುಗಳು ಬಿಡುತ್ತಾ ಬರುತ್ತವೆ. ರಿಪೇರಿಯವರು ಅದಕ್ಕೆ ಸ್ಪ್ರಿಂಗ್ ವಾಷರ್, ಚೆಕ್‌ನಟ್, ಸ್ಪ್ಲಿಟ್ ಪಿನ್ ಹಾಕುತ್ತಾರೆ. ಯಾವುದೂ ನಿಲ್ಲದಿದ್ದರೆ ಕೊನೆಗೆ ವೆಲ್ಡಿಂಗ್ ಚುಕ್ಕೆ. ಹನ್ನೆರಡು ಮಿಲಿಮೀಟರ್ ಬೋಲ್ಟಿನಲ್ಲಿ ಪಳಗಿದ ಈ ರೂಢಿಯನ್ನು ಮೂರು ಮಿಲಿಮೀಟರ್ ಸ್ಕ್ರೂವಿಗೆ ತಂದಾಗ ಏನಾಗುತ್ತದೆ ಎಂಬುದು ಈ ಲೇಖನದ ವಿಚಾರ. ರಿಮೋಟ್ ಕಾರಿನ ಮೋಟಾರನ್ನು ಹಿಡಿದಿರುವುದು ಅಂಥ ಸ್ಕ್ರೂಗಳೇ, ಸಾಮಾನ್ಯವಾಗಿ ಎಂ3. ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನಿನ ಮೋಟಾರಿಗೂ ಇದೇ ಜಾತಿಯ ಚಿಕ್ಕ ಸ್ಕ್ರೂಗಳೇ ಆಧಾರ. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಕೊಡುವ ಕೇಂದ್ರದ ಯೋಜನೆಗೆ 2023ರ ನವೆಂಬರಿನಲ್ಲಿ ಒಪ್ಪಿಗೆ ದೊರೆತ ಮೇಲೆ ಇದನ್ನು ಆಟಿಕೆಯ ಪ್ರಶ್ನೆ ಎಂದು ಬದಿಗಿಡುವಂತಿಲ್ಲ.

ಸ್ಕ್ರೂ ಸಡಿಲವಾಗುವುದೇಕೆ? ಎಂ3 ಸ್ಕ್ರೂವಿನ ಥ್ರೆಡ್ಡು ಒಂದು ಸುತ್ತಿಗೆ ಅರ್ಧ ಮಿಲಿಮೀಟರ್ ಏರುತ್ತದೆ, ಅಂದರೆ ಸುಮಾರು 3.4 ಡಿಗ್ರಿ ಇಳಿಜಾರು. ಲೋಹದ ಘರ್ಷಣೆ ತಡೆಯಬಲ್ಲ ಇಳಿಜಾರು ಇದಕ್ಕಿಂತ ಎಷ್ಟೋ ಹೆಚ್ಚು. ಹಾಗಾಗಿ ಅಲುಗಾಡದೆ ಕೂತ ಸ್ಕ್ರೂ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಸ್ಕ್ರೂವಿಗೆ ಅಡ್ಡಡ್ಡವಾಗಿ ಬೀಳುವ ಅದುರು ಮಾತ್ರ ಈ ಲೆಕ್ಕವನ್ನು ಕೆಡಿಸುತ್ತದೆ ಎಂದು ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದ. ಜೋಡಿಸಿದ ಭಾಗಗಳು ಒಮ್ಮೆ ಪಕ್ಕಕ್ಕೆ ಜಾರಿದರೆ, ಆ ಕ್ಷಣಕ್ಕೆ ತಿರುಗುವ ದಿಕ್ಕಿನಲ್ಲಿ ಹಿಡಿತವೇ ಇರುವುದಿಲ್ಲ. ಪ್ರತಿ ಸಲ ಜಾರಿದಾಗಲೂ ಸ್ಕ್ರೂ ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಸ್ಪ್ರಿಂಗ್ ವಾಷರ್ ಇಲ್ಲಿ ಕೈಕೊಡುತ್ತದೆ. ಪೂರ್ತಿ ಬಿಗಿದ ಮೇಲೆ ಅದು ಚಪ್ಪಟೆಯಾಗಿ ಸಾಮಾನ್ಯ ವಾಷರ್ ಆಗಿಬಿಡುತ್ತದೆ, ಲಾಕ್ ಮಾಡಲು ಅದು ಉಪಯೋಗವಿಲ್ಲ ಎಂದು ನಾಸಾ 1990ರ ತನ್ನ ಕೈಪಿಡಿಯಲ್ಲಿ ಮುಲಾಜಿಲ್ಲದೆ ಬರೆದಿದೆ. ನಮ್ಮ ವರ್ಕ್‌ಶಾಪುಗಳು ಈ ಮಾತನ್ನು ಇನ್ನೂ ಕಿವಿಗೆ ಹಾಕಿಕೊಂಡಿಲ್ಲ. ಟಿಲ್ಲರಿನಿಂದ ಹಿಡಿದು ಮಿಕ್ಸಿಯವರೆಗೆ ಸ್ಪ್ರಿಂಗ್ ವಾಷರ್ ಬೀಳುತ್ತಲೇ ಇದೆ.

ಥ್ರೆಡ್‌ಲಾಕರ್ ಎಂಬ ದ್ರವ ಅಂಟು ಮಾಡುವ ಕೆಲಸವೇ ಬೇರೆ. ಥ್ರೆಡ್ಡುಗಳ ನಡುವಿನ ಸಂದನ್ನು ಅದು ತುಂಬಿ ಗಟ್ಟಿಯಾಗುತ್ತದೆ, ಪಕ್ಕಕ್ಕೆ ಜಾರಲು ಜಾಗ ಬಿಡುವುದಿಲ್ಲ. ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವರ್ನನ್ ಕ್ರೀಬಲ್ 1953ರಲ್ಲಿ ಇದನ್ನು ಮಾರುಕಟ್ಟೆಯ ಸರಕಾಗಿಸಲು ಕಂಪನಿ ಕಟ್ಟಿದರು. ಲಾಕ್‌ಟೈಟ್ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಈ ದ್ರವ ಗಾಳಿ ಇರುವತನಕ ದ್ರವವಾಗಿಯೇ ಇರುತ್ತದೆ. ಆಮ್ಲಜನಕ ತಪ್ಪಬೇಕು, ಜೊತೆಗೆ ಕಬ್ಬಿಣ ಅಥವಾ ತಾಮ್ರದಂಥ ಲೋಹದ ಅಯಾನು ಸಿಗಬೇಕು. ಎರಡೂ ಕೂಡಿದಾಗಷ್ಟೇ ಮೆಥಾಕ್ರಿಲೇಟ್ ಅಣುಗಳು ಸರಪಣಿಯಾಗಿ ಹೆಣೆದುಕೊಳ್ಳುತ್ತವೆ. ಯಾವ ಅಂಟು ಎನ್ನುವ ಪ್ರಶ್ನೆ ಈ ಎರಡು ಷರತ್ತುಗಳಿಂದ ಶುರುವಾಗಬೇಕು. ಅಂಗಡಿಯಲ್ಲಿ ಅದು ಶುರುವಾಗುವುದು ಬಾಟಲಿಯ ಬಣ್ಣದಿಂದ.

ಬಣ್ಣಕ್ಕೆ ಕಂಪನಿಗಳೆಲ್ಲ ಒಪ್ಪಿದ ಒಂದೇ ನಿಯಮವೂ ಇಲ್ಲ. ಲಾಕ್‌ಟೈಟ್ ಸಾಲಿನಲ್ಲಿ 222 ನೇರಳೆ, ಕಡಿಮೆ ಬಲದ್ದು. 243 ನೀಲಿ, ಮಧ್ಯಮ. 271 ಕೆಂಪು, ಗಟ್ಟಿ. 290 ಹಸಿರು, ಮೊದಲೇ ಬಿಗಿದ ಸ್ಕ್ರೂವಿನೊಳಕ್ಕೆ ತಾನೇ ಇಳಿಯುವಂಥದ್ದು. ಇನ್ನೊಂದು ಕಂಪನಿಯ ಹಸಿರು ಬಾಟಲಿಯಲ್ಲಿ ಬೇರಿಂಗ್ ಕೂರಿಸುವ ಅಂಟೇ ಇರಬಹುದು. ಹೀಗಾಗಿ ಓದಬೇಕಾದದ್ದು ಅಂಕಿಯನ್ನು.

ಎಂ3 ಸ್ಕ್ರೂವಿಗೆ ಕೆಂಪು ಸಲ್ಲದು ಎನ್ನಲು ಕಾರಣ ಅದರ ತಲೆಯಲ್ಲಿದೆ. ಗುಂಡುತಲೆಯ ಎಂ3ಕ್ಕೆ 2 ಮಿಲಿಮೀಟರಿನ ಅಲೆನ್ ಕೀ ಬೇಕು. ಪಿನಿಯನ್ ಹಲ್ಲುಚಕ್ರವನ್ನು ಶಾಫ್ಟಿಗೆ ಒತ್ತಿ ಹಿಡಿಯುವ ಎಂ3 ಗ್ರಬ್ ಸ್ಕ್ರೂವಿಗೆ 1.5. ಅಂಟಿನ ಪಟ್ಟು ಈ ಪುಟ್ಟ ಗುಂಡಿಯ ತಾಳಿಕೆಯನ್ನು ಮೀರಿದರೆ ಬಿಚ್ಚುವಾಗ ಮೂಲೆ ಸವೆದು ಗುಂಡಿ ದುಂಡಗಾಗುತ್ತದೆ, ಆಮೇಲೆ ಡ್ರಿಲ್ಲೇ ಗತಿ. ಕೆಂಪನ್ನು ಬಿಡಿಸಲು ಸುಮಾರು 250 ಡಿಗ್ರಿ ಶಾಖ ಕೊಡಬೇಕೆಂಬುದು ತಯಾರಕರ ಸೂಚನೆ. ಟಿಲ್ಲರಿನ ಬೋಲ್ಟಿಗೆ ಗ್ಯಾಸಿನ ಉರಿ ಹಿಡಿಯಬಹುದು. ಮೋಟಾರಿನ ಆಯಸ್ಕಾಂತದ ಪಕ್ಕ, ನೈಲಾನ್ ಚಾಸಿಯ ಮೇಲೆ ಹಿಡಿಯುವುದು ಹೇಗೆ? ಎಂ6ಕ್ಕಿಂತ ಚಿಕ್ಕದಕ್ಕೆ 222 ಮೊದಲ ಆಯ್ಕೆಯಾಗಬೇಕು. 243ನ್ನು ಮೋಟಾರ್ ಮೌಂಟು, ಪಿನಿಯನ್ನಿನಂಥ ಒಂದೆರಡು ಕಡೆ ಒಂದೇ ಹನಿಯಲ್ಲಿ ಬಳಸಬಹುದು. ರಿಮೋಟ್ ಕಾರಿನವರಲ್ಲಿ ನೀಲಿಯೇ ಜನಪ್ರಿಯ. ಅದು ರೂಢಿಯ ಬಲ, ತರ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ.

ಸ್ಕ್ರೂ ಯಾವುದರೊಳಗೆ ಹೋಗುತ್ತದೆ ಎಂಬುದು ಬಲಕ್ಕಿಂತ ಹಿರಿಯ ಪ್ರಶ್ನೆ. ಅಗ್ಗದ ಕಾರುಗಳಲ್ಲಿ ಬಹುತೇಕ ಸ್ಕ್ರೂಗಳು ಪ್ಲಾಸ್ಟಿಕ್ಕಿಗೇ ಕಚ್ಚಿಕೊಂಡಿರುತ್ತವೆ. ಅಲ್ಲಿ ಲೋಹದ ಅಯಾನು ಸಾಲದೆ ಅಂಟು ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಸಿಯಾಗಿ ಉಳಿದ ದ್ರವ ಎಬಿಎಸ್, ಪಾಲಿಕಾರ್ಬೊನೇಟ್‌ಗಳಲ್ಲಿ ಬಿಗಿತ ಇರುವ ಜಾಗದಲ್ಲೇ ಸೀಳು ಎಬ್ಬಿಸುತ್ತದೆ. ಪ್ಲಾಸ್ಟಿಕ್ಕಿನ ಸ್ಕ್ರೂವಿಗೆ ಏನನ್ನೂ ಹಚ್ಚದಿರುವುದೇ ಸರಿಯಾದ ಆಯ್ಕೆ. ಲೋಹಕ್ಕೆ ಲೋಹ ಸೇರುವಲ್ಲೂ ಮೇಲ್ಮೈ ನೋಡಬೇಕು. ಲೇಪವಿಲ್ಲದ ಸಾದಾ ಉಕ್ಕಿನ ಸ್ಕ್ರೂ ಅಂಟನ್ನು ಬೇಗ ಎಬ್ಬಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲು, ಸತುವಿನ ಲೇಪ, ಆನೊಡೈಸ್ ಮಾಡಿದ ಅಲ್ಯೂಮಿನಿಯಂ ಮೂರೂ ಮಂದ. ಕಾರಿಗೆ ಅಂದಕ್ಕೆಂದು ಕೊಳ್ಳುವ ನೀಲಿ, ನೇರಳೆ ಅಲ್ಯೂಮಿನಿಯಂ ಭಾಗಗಳು ಆನೊಡೈಸ್ ಆದವೇ. ಅವಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಎರಡೂ ಕಡೆ ಸೋಮಾರಿ ಲೋಹ. ಅಲ್ಲಿ ತಾಮ್ರದ ಲವಣವಿರುವ ಪ್ರೈಮರ್ ಬಳಿಯಬೇಕು, ಇಲ್ಲವೇ ದಿನಗಟ್ಟಲೆ ಕಾಯಬೇಕು. ಹೊಸ ಸ್ಕ್ರೂವಿನ ಎಣ್ಣೆಯನ್ನು ಒರೆಸುವುದಂತೂ ತಪ್ಪದು. ತೆಳು ಎಣ್ಣೆಯನ್ನು 243 ಸ್ವಲ್ಪ ಸಹಿಸಿಕೊಳ್ಳುತ್ತದೆ.

ಬದಲಿ ಉಪಾಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಫೆವಿಕ್ವಿಕ್ ತೇವಕ್ಕೆ ಗಟ್ಟಿಯಾಗುವ ಬೇರೆ ಕುಲದ ಅಂಟು, ಪೆಟ್ಟಿಗೆ ಬಿರಿಯುತ್ತದೆ. ನಲ್ಲಿಯವರ ಟೆಫ್ಲಾನ್ ಟೇಪು ಥ್ರೆಡ್ಡನ್ನು ಇನ್ನಷ್ಟು ಜಾರಿಸುತ್ತದೆ. ಮತ್ತೆ ಮತ್ತೆ ಬಿಚ್ಚುವ ಚಕ್ರಕ್ಕೆ ನೈಲಾನ್ ಉಂಗುರದ ನಟ್ಟೇ ಲೇಸು.

ಗಟ್ಟಿಯಾಗುವ ಕಾಲವನ್ನು ತಯಾರಕರು ಹೇಳುವುದು 22 ಡಿಗ್ರಿ ತಾಪಕ್ಕೆ: ಉಕ್ಕಿನ ಮೇಲೆ ಕೆಲವು ನಿಮಿಷಗಳಲ್ಲಿ ಕಚ್ಚಿಕೊಂಡು, ಪೂರ್ತಿ ಬಲಕ್ಕೆ 24 ಗಂಟೆ. ಮಂಡ್ಯದ ಬೇಸಿಗೆಯಲ್ಲಿ ಇದು ಬೇಗನೆ ಆದೀತು, ಆದರೂ ಹಚ್ಚಿದ ಗಂಟೆಯೊಳಗೆ ಕಾರು ಓಡಿಸಬಾರದು. ಹಸಿ ಅಂಟು ಎಣ್ಣೆಯಂತೆ ಜಾರುಕ, ಬಿಚ್ಚಿಕೊಳ್ಳಲು ಆಗಲೇ ಸುಲಭ. ಹೊಸ ಬಾಟಲಿ ಅರ್ಧ ಖಾಲಿ ಇದೆಯೆಂದು ಅಂಗಡಿಯವರೊಂದಿಗೆ ಜಗಳಕ್ಕೆ ನಿಲ್ಲಬೇಕಾಗಿಲ್ಲ. ಒಳಗಿನ ದ್ರವಕ್ಕೆ ಆಮ್ಲಜನಕ ಸಿಗುತ್ತಿರಲಿ ಎಂದೇ ಗಾಳಿಯಾಡುವ ಪಾಲಿಥೀನ್ ಬಾಟಲಿಯನ್ನು ಪೂರ್ತಿ ತುಂಬದೆ ಮಾರುತ್ತಾರೆ. ಬಾಟಲಿಯ ಮೂತಿಯನ್ನು ಸ್ಕ್ರೂವಿಗೆ ತಾಗಿಸಿ ಹಚ್ಚಿದರೆ ಮಾತ್ರ ಲೋಹದ ಪುಡಿ ಒಳಗೆ ಸೇರಿ, ಉಳಿದದ್ದೂ ಬಾಟಲಿಯಲ್ಲೇ ಕಟ್ಟಿಕೊಂಡೀತು.