ಹ್ಯಾಟಿ ಮ್ಯಾಕ್‌ಡೇನಿಯಲ್ ಮನಿ ತೊಗೊಂಡ ಕಥಿ

ಹಳೇ ಇಂಗ್ಲಿಷ್ ಸಿನೆಮಾ ನೋಡೋವಾಗ ನಮ್ಮ ಕಣ್ಣೆಲ್ಲಾ ಹೀರೋಯಿನ್ ಮ್ಯಾಲೇ ಇರ್ತಾವ. ಅಕಿ ಗೌನು, ಅಕಿ ಕೂದಲಾ, ಅಕಿ ನಗೋದು, ಅಕಿ ಅಳೋದು. ಅಕಿ ಹಿಂದ ನಿಂತು ನಡಾ ಬಿಗಿಯಾಕಿ, ಊಟದ ತಾಟು ತಂದಿಡಾಕಿ, ಬಾಗಲಾ ತಗಿಯಾಕಿ ಯಾರು ಅಂತ ಕೇಳೋರು ಕಡಿಮಿ. ಎಷ್ಟೋ ಸಿನೆಮಾದಾಗ ಹೆಸರಿನ ಪಟ್ಟಿ ಒಳಗ ಸುದ್ಧಾ ಅಕಿ ಹೆಸರು ಇರಂಗಿಲ್ಲ.

ನಾ ಇವತ್ತ ಬರೀಲಿಕ್ಕೆ ಕೂತದ್ದು ಅಂಥಾ ಒಬ್ಬಾಕಿ ಕಥಿ. ಹೆಸರು ಹ್ಯಾಟಿ ಮ್ಯಾಕ್‌ಡೇನಿಯಲ್. ಆಸ್ಕರ್ ಗೆದ್ದ ಮೊದಲನೇ ಕಪ್ಪು ಜನಾಂಗದ ಕಲಾವಿದೆ ಅಂತ ಅಕಿ ಬಗ್ಗೆ ಎಲ್ಲಾರೂ ಬರೀತಾರ. ಅದು ಖರೇನ. ಆದ್ರ ಜೀವನಪೂರ್ತಿ ಪರದೆ ಮ್ಯಾಲೆ ಮಂದಿ ಮನಿ ಕೆಲಸ ಮಾಡಿದಾಕಿ, ತನ್ನ ಮನಿ ಒಳಗ ತಾನು ಇರ್ಲಿಕ್ಕೆ ಕೋರ್ಟು ಹತ್ತಿದ್ಲು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಮನಿ ಅಂದ್ರೇನು ಅಂತ ತಿಳದ ಹೆಣ್ಣಮಕ್ಕಳಿಗೆ ಆಸ್ಕರ್‌ಕಿಂತ ಈ ಕಥಿ ಹತ್ತರ ಆಗ್ತದ ಅಂತ ನನಗ ಅನ್ನಿಸ್ತದ.

ಹ್ಯಾಟಿ ಹುಟ್ಟಿದ್ದು 1893ರಾಗ, ಅಮೆರಿಕಾದ ಕ್ಯಾನ್ಸಸ್ ರಾಜ್ಯದ ವಿಚಿಟಾ ಊರಾಗ. ಹದಿಮೂರು ಮಕ್ಕಳೊಳಗ ಅಕಿನೇ ಕಡೀದಾಕಿ. ಅಪ್ಪ ಹೆನ್ರಿ, ಅವ್ವ ಸೂಸನ್ ಇಬ್ಬರೂ ಹುಟ್ಟಿನಿಂದ ಗುಲಾಮಗಿರಿ ಒಳಗ ಇದ್ದವರು. ಗುಲಾಮಗಿರಿ ಉಳೀಬೇಕೋ ಹೋಗಬೇಕೋ ಅಂತ ಅಮೆರಿಕಾದಾಗ 1861ರಿಂದ 1865ರ ತನಕಾ ನಡದ ಅಂತರ್ಯುದ್ಧದಾಗ ಹೆನ್ರಿ ಉತ್ತರದವರ ಸೈನ್ಯದ ಸಿಪಾಯಿ ಆಗಿ ಬಡಿದಾಡಿದಾಂವ. ಸೂಸನ್ ಚರ್ಚಿನೊಳಗ ಭಕ್ತಿಗೀತೆ ಹಾಡ್ತಿದ್ಲು. ಮನಿ ತುಂಬ ಹಾಡು, ಡಬ್ಬಿ ತುಂಬ ಹಿಟ್ಟು ಮಾತ್ರ ಇಲ್ಲ ಅನ್ನೋಹಂಗ ಸಂಸಾರ. ಆಮ್ಯಾಲೆ ಅವರೆಲ್ಲಾ ಕೊಲರಾಡೋದ ಡೆನ್ವರ್‌ಗೆ ಬಂದ್ರು, ಹ್ಯಾಟಿ ಬೆಳದದ್ದು ಅಲ್ಲೇ. ಅಣ್ಣಂದಿರ ಜೋಡಿ ಊರೂರು ತಿರಗೋ ನಾಟಕ ಮಂಡಳಿ ಒಳಗ ಹಾಡು, ನಗಸೋ ಪಾರ್ಟು ಮಾಡ್ಲಿಕ್ಕೆ ಶುರು ಮಾಡಿದ್ಲು. ತಾನ ಹಾಡು ಬರೀತಿದ್ಲು, 1920ರ ದಶಕದಾಗ ಅಕಿ ಹಾಡಿನ ಗ್ರಾಮೋಫೋನ್ ತಟ್ಟೆನೂ ಬಂದ್ವು.

1929ರಾಗ ಶೇರು ಪೇಟೆ ಬಿತ್ತು. ನಾಟಕಕ್ಕ ಬರೋರೂ ಇಲ್ಲ, ಆಡಸೋರೂ ಇಲ್ಲ. ಹ್ಯಾಟಿಗೆ ಆವಾಗ ಸಿಕ್ಕ ಕೆಲಸಾ ಅಂದ್ರ ಮಿಲ್ವಾಕಿ ಹತ್ತರದ ಒಂದು ಕ್ಲಬ್ಬಿನೊಳಗ ಹೆಂಗಸರ ಬಚ್ಚಲಮನಿ ಕಾಯೋದು, ಬಂದವರಿಗೆ ಟಾವೆಲ್ ಕೊಡೋದು. ರಂಗದ ಮ್ಯಾಲೆ ಹಾಡಿ ಬಂದಾಕಿ ಅಲ್ಲಿ ಟಾವೆಲ್ ಹಿಡಕೊಂಡು ನಿಂತ್ಲು. ಒಂದು ರಾತ್ರಿ ಹಾಡ್ಲಿಕ್ಕೆ ಅವಕಾಶ ಸಿಕ್ತು. ಅವತ್ತ ಹಾಡಿದ ಮ್ಯಾಲೆ ಮತ್ತ ಬಚ್ಚಲಮನಿ ಕಾಯೋದು ಬರಲಿಲ್ಲ, ಅಲ್ಲೇ ಹಾಡಾಕಿ ಆದ್ಲು.

1931ರಾಗ ಲಾಸ್ ಏಂಜಲೀಸ್‌ಗೆ ಬಂದ್ಲು. ಅಣ್ಣ ಸ್ಯಾಮ್, ಅಕ್ಕ ಎಟ್ಟಾ ಮೊದಲೇ ಅಲ್ಲಿದ್ರು. ಸ್ಯಾಮ್ ರೇಡಿಯೋದಾಗ ಇದ್ದ, ಅಂವ ತಂಗಿಗೂ ಒಂದು ಕಾರ್ಯಕ್ರಮದಾಗ ಜಾಗಾ ಕೊಡಿಸಿದ. ಹ್ಯಾಟಿ ಅಲ್ಲಿಗೆ ಠೀಕಠಾಕ ಸಂಜಿ ಪಾರ್ಟಿ ಡ್ರೆಸ್ ಹಾಕ್ಕೊಂಡು ಬಂದದ್ದಕ್ಕ ‘ಹೈ ಹ್ಯಾಟ್ ಹ್ಯಾಟಿ’ ಅಂತ ಅಡ್ಡಹೆಸರು ಬಿತ್ತು. ಹೆಸರೇನೋ ಆತು, ರೊಕ್ಕ ಮಾತ್ರ ಹೊಟ್ಟಿಗೆ ಸಾಲಲಿಲ್ಲ. ರೇಡಿಯೋದಾಗ ಊರಿಗೆಲ್ಲಾ ಕೇಳೋಹಂಗ ಹಾಡಿ, ಮತ್ತ ಮಂದಿ ಮನಿಗೆ ಹೋಗಿ ಕಸಾ ಹೊಡದು, ಭಾಂಡಿ ತಿಕ್ಕಿ, ಅಡಗಿ ಮಾಡಿ ಬರ್ತಿದ್ಲು.

ಸಿನೆಮಾದವರು ಕರದಾಗ ಕೊಟ್ಟ ಪಾರ್ಟೂ ಅದ. ಮನಿಗೆಲಸದಾಕಿ. ಒಂದಲ್ಲ ಎರಡಲ್ಲ, ವರ್ಷಾನುಗಟ್ಟಲೆ ಅದ. ಅಡಗಿಯಾಕಿ, ಆಯಾ, ಗುಲಾಮ ಹೆಂಗಸು. ಆದ್ರ ಆ ಸಣ್ಣ ಜಾಗಾದಾಗನ ಅಕಿ ಎಷ್ಟು ಜೀವಾ ತುಂಬ್ತಿದ್ಲು ನೋಡ್ರಿ. 1934ರ ‘ಜಡ್ಜ್ ಪ್ರೀಸ್ಟ್’ದಾಗ ಕೆಲಸಾ ಮಾಡ್ಕೋತ ಹಾಡ್ತಾಳ. 1935ರ ‘ಆಲಿಸ್ ಆ್ಯಡಮ್ಸ್’ದಾಗ ಕ್ಯಾಥರಿನ್ ಹೆಪ್‌ಬರ್ನ್ ಮನಿಯವರು ಶ್ರೀಮಂತ ಹುಡುಗನ್ನ ಊಟಕ್ಕ ಕರೀತಾರ. ಇಲ್ಲದ ದೌಲತ್ತು ತೋರಸ್ಲಿಕ್ಕೆ ಒಂದ ರಾತ್ರಿ ಮಟ್ಟಿಗೆ ಬಾಡಿಗಿ ಕೆಲಸದಾಕಿನ್ನ ತರಸ್ತಾರ. ಅಕಿನೇ ಹ್ಯಾಟಿ. ಧಗಿ ಅಂದ್ರ ಧಗಿ, ತಲಿ ಮ್ಯಾಲಿನ ಟೋಪಿ ನೆಟ್ಟಗ ನಿಂದರವಲ್ದು, ಬಾಯಾಗ ಅಗಿಯೋ ಗಮ್ಮು, ಬಡಸೋದ್ರಾಗ ಎಳ್ಳಷ್ಟೂ ಉಮೇದಿಲ್ಲ. ಮನಿಯವರ ಬಡಿವಾರ ಎಲ್ಲಾ ಬಾಯಿ ತಗೀದ ಬಯಲು ಮಾಡ್ತಾಳ. ಬೀಗರು ಬಂದ ದಿನ ಮನಿ ಮರ್ಯಾದಿ ಹೆಂಗ ಬಡಸೋರ ಕೈಯಾಗ ಇರ್ತದ ಅನ್ನೋದು ಗೊತ್ತಿದ್ದವರಿಗೆ ಆ ದೃಶ್ಯ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ಮಾತು ನಮಗ ಲಗೂನ ತಿಳೀತದ. ಹ್ಯಾಟಿ ಕ್ಯಾನ್ಸಸ್‌ದಾಗ ಹುಟ್ಟಿ ಡೆನ್ವರ್‌ದಾಗ ಬೆಳದಾಕಿ. ದಕ್ಷಿಣದ ಹತ್ತಿ ಹೊಲದ ಗುಲಾಮರು ಹಿಂಗ ಮಾತಾಡ್ತಿದ್ರು ಅಂತ ಸ್ಟುಡಿಯೋದವರು ತಿಳಕೊಂಡಿದ್ದ ಇಂಗ್ಲಿಷ್ ಅಕಿ ಮನಿ ಮಾತಲ್ಲ. ಪಾರ್ಟು ಬೇಕಂದ್ರ ಅದನ್ನ ಕಲತು ಮಾತಾಡಬೇಕಿತ್ತು, ನಗಸಬೇಕಿತ್ತು. ಬೆಂಗಳೂರಿನ ಸಿನೆಮಾದಾಗ ನಮ್ಮ ಕಡೆ ಮಾತು ಬಂತಂದ್ರ ಮಂದಿ ನಗಸ್ಲಿಕ್ಕೇ ಬಂದದ ಅಂತ ಹಿಡಿಯೋದನ್ನ ನೋಡಿದ ನಮಗ, ತನ್ನದಲ್ಲದ ಮಾತನ್ನ ತನ್ನದು ಅಂತ ಆಡೋ ಸಂಕಟ ಅರ್ಥ ಆಗ್ತದ.

1939ರಾಗ ‘ಗಾನ್ ವಿತ್ ದ ವಿಂಡ್’ ಬಂತು. ಅದರೊಳಗ ಹ್ಯಾಟಿ ‘ಮ್ಯಾಮಿ’. ಗುಲಾಮಗಿರಿ ಉಳೀಬೇಕಂತ ಬಡಿದಾಡಿದ ದಕ್ಷಿಣದವರ ಮನಿ ಒಳಗ ಮಕ್ಕಳನ್ನ ಎತ್ತಿ ಆಡಿಸಿ ಬೆಳಸಿದ ಗುಲಾಮ ಹೆಂಗಸು. ಆ ದಕ್ಷಿಣದವರ ವಿರುದ್ಧ ಬಂದೂಕು ಹಿಡದ ಸಿಪಾಯಿ ಮಗಳಿಗೆ ಈ ಪಾರ್ಟು! ಸಿನೆಮಾ ಗುಲಾಮಗಿರಿಗೆ ಗಂಧಾ ಹಚ್ಚಿ ತೋರಸ್ತದ, ಅದ್ರಾಗ ಎರಡು ಮಾತಿಲ್ಲ. ಹಂಗಿದ್ರೂ ಹ್ಯಾಟಿನ್ನ ಮಾತ್ರ ನೋಡ್ರಿ. ಸ್ಕಾರ್ಲೆಟ್‌ಳ ನಡಾ ಬಿಗೀತ, ಮಂದಿ ಎದುರಿಗೆ ಹಸಿದವರಂಗ ತಿನಬಾರದು, ಮನ್ಯಾಗ ಉಂಡು ಹೋಗು ಅಂತ ಬೈತಾಳಲ್ಲ, ಅಲ್ಲಿ ಆ ಮನಿ ಯಜಮಾನಿ ಯಾರು ಅನ್ನೋದು ಗೊತ್ತಾಗ್ತದ. ಕಡೀಕ ಕೂಸು ಸತ್ತ ಮ್ಯಾಲೆ ಮೆಲನಿ ಜೋಡಿ ಮೆಟ್ಟಲಾ ಹತ್ತಿಗೋತ, ಮ್ಯಾಲೆ ಕೋಣ್ಯಾಗ ಗಂಡಾ ಹೆಂಡ್ತಿ ಒಬ್ಬರಿಗೊಬ್ಬರು ಏನಂದ್ಕೊಂಡ್ರು ಅಂತ ಅಳ್ಕೋತ ಹೇಳ್ತಾಳ. ಮನಿ ದುಃಖಾ ಎಲ್ಲಾ ಹೊತ್ತುಕೊಂಡಾಕಿ ಆ ಮನಿಯಾಕಿ ಅಲ್ಲ. ಎಷ್ಟ ಸಲ ನೋಡಿದ್ರೂ ಅಲ್ಲಿ ನನ್ನ ಕಣ್ಣಾಗ ನೀರು ಬರ್ತಾವ.

ಸಿನೆಮಾದ ಮೊದಲ ಪ್ರದರ್ಶನ 1939ರ ಡಿಸೆಂಬರ್ 15ಕ್ಕ ಜಾರ್ಜಿಯಾದ ಅಟ್ಲಾಂಟಾದಾಗ. ಅಲ್ಲಿ ಬಿಳಿಯರು ಕೂಡೋ ಕಡೆ ಕಪ್ಪು ಮಂದಿ ಕೂಡಂಗಿಲ್ಲ ಅನ್ನೋ ಕಾಯ್ದೆ. ಹಿಂಗಾಗಿ ಸಿನೆಮಾದಾಕಿನೇ ತನ್ನ ಸಿನೆಮಾಕ್ಕ ಹೋಗಲಿಲ್ಲ. ಆ ಸಂಭ್ರಮದ ಪಾರ್ಟಿ ಒಳಗ ಕಪ್ಪು ಮಂದಿ ಚರ್ಚಿನ ಹಾಡಿನ ಮೇಳಕ್ಕ ಗುಲಾಮರ ವೇಷಾ ಹಾಕಿಸಿ ಹಾಡಿಸಿದ್ರು. ಅದರೊಳಗ ಒಬ್ಬ ಹತ್ತು ವರ್ಷದ ಹುಡುಗ ಇದ್ದ, ಮಾರ್ಟಿನ್ ಲೂಥರ್ ಕಿಂಗ್ ಅಂತ.

1940ರ ಫೆಬ್ರುವರಿ 29ಕ್ಕ ಆಸ್ಕರ್ ಸಮಾರಂಭ. ಲಾಸ್ ಏಂಜಲೀಸ್‌ದ ಅಂಬ್ಯಾಸಡರ್ ಹೋಟೆಲಿನ ಕೋಕೋನಟ್ ಗ್ರೋವ್‌ದಾಗ. ಆ ಹೋಟೆಲಿನೊಳಗೂ ಕಪ್ಪು ಮಂದಿಗೆ ಪ್ರವೇಶ ಇದ್ದಿದ್ದಿಲ್ಲ. ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ಹೇಳಿ ಕೇಳಿ ಅಕಿನ್ನ ಒಳಗ ಬಿಡಿಸಿದ. ಸಿನೆಮಾದ ಉಳಿದವರೆಲ್ಲಾ ಒಂದು ಟೇಬಲ್ಲಿಗೆ, ಹ್ಯಾಟಿ ಗ್ವಾಡಿ ಕಡೆ ಸಣ್ಣ ಟೇಬಲ್ಲಿಗೆ. ಪೋಷಕ ನಟಿ ಪ್ರಶಸ್ತಿಗೆ ಅದೇ ಸಿನೆಮಾದ ಒಲಿವಿಯಾ ಡಿ ಹ್ಯಾವಿಲ್ಯಾಂಡೂ ಇದ್ಲು, ಗೆದ್ದದ್ದು ಹ್ಯಾಟಿ. ನೀಲಿ ಗೌನು, ತಲಿಯೊಳಗ ಗಾರ್ಡೀನಿಯಾ ಅನ್ನೋ ಬಿಳೀ ಘಮಘಮ ಹೂವು ಮುಡಕೊಂಡು ಗ್ವಾಡಿ ಕಡಿಂದ ಎದ್ದು ಬಂದು ಪ್ರಶಸ್ತಿ ತೊಗೊಂಡ್ಲು. ಅಕಿ ನಂತರ ಇನ್ನೊಬ್ಬ ಕಪ್ಪು ಹೆಣ್ಣಮಗಳು ನಟನೆಗೆ ಆಸ್ಕರ್ ತೊಗೊಳ್ಳಿಕ್ಕೆ ವೂಪಿ ಗೋಲ್ಡ್‌ಬರ್ಗ್ ಬರಬೇಕಾತು, 1991ರಾಗ.

ಗೆದ್ದ ಮ್ಯಾಲಾದ್ರೂ ಬ್ಯಾರೆ ಪಾರ್ಟು ಬಂದ್ವೇನು? ಇಲ್ಲ, ಮತ್ತ ಅದ ಏಪ್ರನ್ನು. ಈ ಕಡೆ ತನ್ನ ಜನರಿಂದನೂ ಬೈಸಿಕೊಂಡ್ಲು. ಕಪ್ಪು ಜನರ ಹಕ್ಕಿನ ಸಲುವಾಗಿ ಹೋರಾಡೋ ಎನ್‌ಎಎಸಿಪಿ ಸಂಸ್ಥೆಯ ವಾಲ್ಟರ್ ವೈಟ್, ಇಂಥಾ ಪಾರ್ಟಿನಿಂದ ನಮ್ಮ ಜನಾಂಗ ಅಂದ್ರ ಆಳು ಅನ್ನೋಹಂಗ ಆಗೇದ ಅಂತ ಸ್ಟುಡಿಯೋದವರ ಜೋಡಿ ವಾದಾ ಹೂಡಿದ. ಅಂವ ಹೇಳಿದ್ರಾಗ ಸುಳ್ಳಿಲ್ಲ. ಹ್ಯಾಟಿ ಹೇಳಿದ್ದು ಅಂತ ಒಂದು ಉತ್ತರ ಭಾಳ ಪ್ರಸಿದ್ಧ ಅದ: ಕೆಲಸದಾಕಿ ಪಾರ್ಟು ಮಾಡಿ ವಾರಕ್ಕ 700 ಡಾಲರ್ ದುಡೀತೀನಿ, ಅದನ್ನ ಬಿಟ್ರ ಖರೇ ಕೆಲಸದಾಕಿ ಆಗಿ 7 ಡಾಲರ್ ದುಡೀಬೇಕು, ಅನ್ನೋ ಅರ್ಥದ್ದು. ಎರಡೂ ಕೆಲಸಾ ಮಾಡಿದಾಕಿ ಬಾಯಾಗ ಈ ಮಾತು ಬಂದಾಗ ನಾ ಅಂತೂ ವಾದಾ ಮಾಡ್ಲಿಕ್ಕೆ ಹೋಗಂಗಿಲ್ಲ.

ಇನ್ನ ಮನಿ ಮಾತಿಗೆ ಬರ್ತೀನಿ. ದುಡದ ರೊಕ್ಕದಾಗ ಹ್ಯಾಟಿ ಲಾಸ್ ಏಂಜಲೀಸ್‌ದ ವೆಸ್ಟ್ ಆ್ಯಡಮ್ಸ್ ಹೈಟ್ಸ್‌ದಾಗ, ಸೌತ್ ಹಾರ್ವರ್ಡ್ ಬುಲೆವಾರ್ಡ್ ಮ್ಯಾಲೆ ಒಂದು ದೊಡ್ಡ ಚೆಂದನೆಯ ಮನಿ ತೊಗೊಂಡ್ಲು. ಅಲ್ಲಿ ನಟಿ ಲೂಯಿಸ್ ಬೀವರ್ಸ್, ಹಾಡುಗಾರ್ತಿ ಈಥಲ್ ವಾಟರ್ಸ್, ವಿಮಾ ಕಂಪನಿಯ ನಾರ್ಮನ್ ಹ್ಯೂಸ್ಟನ್ ಹಿಂಗ ಅನುಕೂಲಸ್ಥ ಕಪ್ಪು ಮಂದಿ ಮನಿ ಮಾಡಿದ್ರು. ಆ ಓಣಿಗೆ ಮಂದಿ ಶುಗರ್ ಹಿಲ್ ಅಂತಿದ್ರು. ಹ್ಯಾಟಿ ಮನಿ ಅಂದ್ರ ಬಂದವರಿಗೆಲ್ಲಾ ತೆರದ ಬಾಗಲಾ. ಎರಡನೇ ಮಹಾಯುದ್ಧದಾಗ ಕಪ್ಪು ಸೈನಿಕರ ಮನರಂಜನೆಗೆ ಕಲಾವಿದರನ್ನ ಕೂಡಿಸಿಕೊಂಡು ಹೋಗೋ ಸಮಿತಿಗೆ ಅಕಿನೇ ಮುಖ್ಯಸ್ಥೆ.

ಆದ್ರ ಅಲ್ಲಿಯ ಹಳೇ ಖರೀದಿ ಪತ್ರದಾಗ ಒಂದು ಕರಾರು ಕೂತಿತ್ತು: ಈ ಮನಿ ಬಿಳಿಯರಲ್ಲದವರಿಗೆ ಮಾರಂಗಿಲ್ಲ, ಅವರು ಇಲ್ಲಿ ಇರಂಗಿಲ್ಲ. ಆ ಕಾಲಕ್ಕ ಅಮೆರಿಕಾದ ಎಷ್ಟೋ ಊರಾಗ ಇಂಥಾ ಕರಾರು ಇರ್ತಿದ್ವು. ಓಣಿಯ ಕೆಲವು ಬಿಳಿಯರು ಅದನ್ನ ಹಿಡಕೊಂಡು, ಇವರನ್ನ ಮನಿ ಬಿಡಸ್ರಿ ಅಂತ ಕೋರ್ಟಿಗೆ ಹೋದ್ರು. ರೊಕ್ಕ ಕೊಟ್ಟು ತೊಗೊಂಡ ಮನಿ, ಆಸ್ಕರ್ ಇಟ್ಟ ಮನಿ, ಅದರ ಹೊಸ್ತಿಲಾ ದಾಟಬ್ಯಾಡ ಅಂತ ಅನ್ನಿಸಿಕೊಳ್ಳೋದು ಹೆಂಗಿರಬೇಕು ವಿಚಾರ ಮಾಡ್ರಿ. ಮಂದಿ ಮನಿ ಅಡಗಿಮನಿ ಒಳಗ ಬಂದ್ರ ಅಡ್ಡಿಲ್ಲ, ಬಾಜೂ ಮನಿಯಾಕಿ ಆಗಿ ಬರಬಾರದು.

ಹ್ಯಾಟಿ ಬಾಜೂದವರನ್ನೆಲ್ಲಾ ಮನಿಗೆ ಕರದು ಕೂಡಿಸಿದ್ಲು. ಚಹಾ ಫರಾಳದ ಜೋಡಿ ಖಟ್ಲೆ ಮಾತು. ಲೊರೆನ್ ಮಿಲ್ಲರ್ ಅನ್ನೋ ಕಪ್ಪು ವಕೀಲ ಅವರ ಪರ ನಿಂತ. 1945ರ ಡಿಸೆಂಬರ್‌ದಾಗ ಖಟ್ಲೆ ನಡೀತು. ನ್ಯಾಯಾಧೀಶ ಥರ್ಮಂಡ್ ಕ್ಲಾರ್ಕ್ ಸ್ವತಃ ಹೋಗಿ ಆ ಓಣಿ ನೋಡಿ ಬಂದು, ಸಂವಿಧಾನದ 14ನೇ ತಿದ್ದುಪಡಿ ಕೊಟ್ಟ ಹಕ್ಕು ಈ ಜನಕ್ಕ ಪೂರ್ತಿ ಸಿಗಬೇಕು ಅಂತ ಹೇಳಿ ದಾವಾ ವಜಾ ಮಾಡಿದ. ಹ್ಯಾಟಿ ಮನಿ ಹ್ಯಾಟಿಗೇ ಉಳೀತು. ಮುಂದ 1948ರ ಮೇ ತಿಂಗಳಾಗ ಅಮೆರಿಕಾದ ಸುಪ್ರೀಂ ಕೋರ್ಟು, ಇಂಥಾ ಕರಾರನ್ನ ಯಾವ ಕೋರ್ಟೂ ಜಾರಿ ಮಾಡಂಗಿಲ್ಲ ಅಂತ ತೀರ್ಪು ಕೊಟ್ಟಿತು. ಅಲ್ಲಿ ವಾದಾ ಮಾಡಿದವರೊಳಗ ಇದ ಲೊರೆನ್ ಮಿಲ್ಲರೂ ಇದ್ದ. ಹೆಸರಿಲ್ಲದ ಸಾವಿರಾರು ಸಂಸಾರಕ್ಕ ಉಪಯೋಗಕ್ಕ ಬಂದದ್ದು ಈ ಹೋರಾಟ.

1947ರಾಗ ರೇಡಿಯೋದಾಗ ‘ಬ್ಯೂಲಾ’ ಅನ್ನೋ ಕಾರ್ಯಕ್ರಮ ಅಕಿಗೆ ಬಂತು. ಇದೂ ಕೆಲಸದಾಕಿ ಪಾರ್ಟೇ. ಮಜಾ ಅಂದ್ರ, ಆ ಕಪ್ಪು ಹೆಂಗಸಿನ ದನಿ ಮೊದಲು ತಗೀತಿದ್ದಾಂವ ಒಬ್ಬ ಬಿಳಿ ಗಂಡಸು! ಹ್ಯಾಟಿ ಬಂದಾಗ, ಆ ಹೊಲದ ಗುಲಾಮರ ಮಾತು ನಾ ಆಡಂಗಿಲ್ಲ ಅಂತ ಕರಾರಿನೊಳಗ ಹಾಕಿಸಿದ್ಲು. ಅಷ್ಟು ವರ್ಷದ ಮ್ಯಾಲೆ ತನ್ನ ಮಾತು ತಾ ಆಡಿದ್ಲು. ಅಮೆರಿಕಾದ ರೇಡಿಯೋದಾಗ ಒಂದು ಕಾರ್ಯಕ್ರಮದ ಮುಖ್ಯ ಪಾತ್ರ ಮಾಡಿದ ಮೊದಲನೇ ಕಪ್ಪು ಹೆಣ್ಣಮಗಳು ಅಕಿ.

1952ರ ಅಕ್ಟೋಬರ್ 26ಕ್ಕ ಸ್ತನದ ಕ್ಯಾನ್ಸರ್‌ನಿಂದ ಹ್ಯಾಟಿ ತೀರಿಕೊಂಡ್ಲು. ಬಿಳೀ ಪೆಟಿಗಿ, ಬಿಳೀ ಗಾರ್ಡೀನಿಯಾ ಹೂವು ಬೇಕಂತ ಬರದಿಟ್ಟಿದ್ಲು. ಹಾಲಿವುಡ್ ಸ್ಮಶಾನದಾಗ ಮಣ್ಣು ಮಾಡ್ರಿ ಅಂತನೂ ಬರದಿದ್ಲು. ಅಲ್ಲಿಯವರು ಕಪ್ಪು ಮಂದಿಗೆ ಜಾಗಾ ಇಲ್ಲ ಅಂದ್ರು. ಹಿಂಗಾಗಿ ಎಲ್ಲಾ ಜನಾಂಗದವರಿಗೂ ಜಾಗಾ ಕೊಡ್ತಿದ್ದ ರೋಸ್‌ಡೇಲ್ ಸ್ಮಶಾನದಾಗ ಅಕಿನ್ನ ಮಲಗಿಸಿದ್ರು. 1999ರಾಗ ಹಾಲಿವುಡ್ ಸ್ಮಶಾನದ ಹೊಸಾ ಮಾಲೀಕರು, ಈಗ ಕರಕೊಂಡು ಬರ್ರಿ ಅಂದ್ರು. ಮನಿಯವರು ಒಪ್ಪಲಿಲ್ಲ, ಮಲಗಿದಾಕಿನ್ನ ಯಾಕ ಎಬ್ಬಸ್ಲಿ! ಅಲ್ಲೊಂದು ನೆನಪಿನ ಕಲ್ಲು ಮಾತ್ರ ನಿಂತದ.

ಆಸ್ಕರ್ ಫಲಕ ಹಾವರ್ಡ್ ವಿಶ್ವವಿದ್ಯಾಲಯಕ್ಕ ಸೇರಬೇಕಂತ ಬರದಿದ್ಲು, ಸೇರ್ತು. ಆಮ್ಯಾಲೆ ಅಲ್ಲಿಂದ ಎಲ್ಲೋ ಕಾಣೆ ಆತು, ಸಿಗಲೇ ಇಲ್ಲ. 2023ರ ಅಕ್ಟೋಬರ್‌ದಾಗ ಆಸ್ಕರ್ ಅಕಾಡೆಮಿಯವರು ಬದಲಿ ಫಲಕ ಮಾಡಿಸಿ ಕೊಟ್ರು. ಶುಗರ್ ಹಿಲ್ ಓಣಿ ನಡುವ 1960ರ ದಶಕದಾಗ ಸಾಂಟಾ ಮೋನಿಕಾ ಫ್ರೀವೇ ಹಾದು ಹೋತು, ಕೋರ್ಟಿನಾಗ ಗೆದ್ದ ಎಷ್ಟೋ ಮನಿ ಹೆದ್ದಾರಿಗೆ ಹೋದ್ವು. ಹ್ಯಾಟಿ ಮನಿ ಉಳಕೊಂಡದ.

ಇನ್ನೊಮ್ಮೆ ಎಲ್ಲ್ಯರೆ ‘ಗಾನ್ ವಿತ್ ದ ವಿಂಡ್’ ಹಾಕಿದ್ರ ಪೂರಾ ನಾಲ್ಕು ತಾಸು ನೋಡ್ರಿ ಅಂತ ನಾ ಹೇಳಂಗಿಲ್ಲ, ಮನ್ಯಾಗ ನೂರೆಂಟು ಕೆಲಸಾ ಇರ್ತಾವ. ಆ ಮೆಟ್ಟಲಾ ಹತ್ತೋ ದೃಶ್ಯ ಬರೋ ಹೊತ್ತಿಗೆ ಮಾತ್ರ ಒಲಿ ಆರಿಸಿ, ಕೈ ಒರಸಿಕೊಂಡು ಬಂದು ಕೂಡ್ರಿ.