ಉಣ್ಣೆಯೋ ಬೆಣ್ಣೆಯೋ: ಚಿಪ್ಪಿಂಗ್ ಕ್ಯಾಂಪ್ಡನ್ನಿನ ಸಂತೆಕಟ್ಟಡ

ಇಂಗ್ಲೆಂಡಿನ ಗ್ಲಾಸ್ಟರ್‌ಷೈರಿನಲ್ಲಿರುವ ಚಿಪ್ಪಿಂಗ್ ಕ್ಯಾಂಪ್ಡನ್ನಿನ ಹೆಸರಿನಲ್ಲೇ ಸಂತೆಯಿದೆ. ‘ಚಿಪ್ಪಿಂಗ್’ ಎಂಬುದು ಸಂತೆಗಿದ್ದ ಹಳೆಯ ಇಂಗ್ಲಿಷ್ ಪದದಿಂದ ಬಂದದ್ದು. ಊರಿನ ಹೈ ಸ್ಟ್ರೀಟಿನಲ್ಲಿ 1627ರಲ್ಲಿ ಎದ್ದ ಮಾರ್ಕೆಟ್ ಹಾಲ್ ಈಗ ಗ್ರೇಡ್ 1 ಸಂರಕ್ಷಿತ ಕಟ್ಟಡ. ಈ ಊರಿರುವ ಕಾಟ್ಸ್‌ವೋಲ್ಡ್ ಸೀಮೆಯ ಹಳೆಯ ಕಟ್ಟಡ ಎಂದೊಡನೆ ಉಣ್ಣೆಯ ದುಡ್ಡು ನೆನಪಾಗುವುದು ಸಹಜ. ಈ ಕಟ್ಟಡದ ಮಟ್ಟಿಗೆ ಆ ನೆನಪು ದಾರಿ ತಪ್ಪಿಸುತ್ತದೆ.

ಕಾಲವನ್ನೇ ಮೊದಲು ನೋಡಬೇಕು. ಕ್ಯಾಂಪ್ಡನ್ನಿನ ಹೆಸರಾಂತ ಉಣ್ಣೆ ವರ್ತಕ ವಿಲಿಯಂ ಗ್ರೆವೆಲ್ ತೀರಿಕೊಂಡದ್ದು 1401ರಲ್ಲಿ. ಇಂಗ್ಲಿಷ್ ಉಣ್ಣೆ ಹಡಗೇರಿ ಹೋಗುತ್ತಿದ್ದ ಕಲೇ ಬಂದರು 1558ರಲ್ಲಿ ಫ್ರೆಂಚರ ಪಾಲಾಯಿತು. 1614ರಲ್ಲಿ ದೊರೆ ಒಂದನೇ ಜೇಮ್ಸ್ ಕಚ್ಚಾ ಉಣ್ಣೆಯ ರಫ್ತನ್ನೇ ನಿಷೇಧಿಸಿದ. ಮಾರ್ಕೆಟ್ ಹಾಲ್ ಕಟ್ಟುವ ಹೊತ್ತಿಗೆ ಗ್ರೆವೆಲ್ ಸತ್ತು 226 ವರ್ಷ ಸಂದಿತ್ತು. ಕಟ್ಟಿಸಿದ ಸರ್ ಬ್ಯಾಪ್ಟಿಸ್ಟ್ ಹಿಕ್ಸನ ಹಣವೂ ಕುರಿಯಿಂದ ಬಂದದ್ದಲ್ಲ. ಅವನು ಲಂಡನ್ನಿನ ರೇಷ್ಮೆ ವ್ಯಾಪಾರಿ, ಅರಮನೆಗೇ ಸಾಲ ಕೊಡುತ್ತಿದ್ದವನು.

ಇದು ಉಣ್ಣೆಗಾಗಿ ಎದ್ದದ್ದಲ್ಲ ಎಂದು ಕಟ್ಟಡದ ರಚನೆಯೂ ಹೇಳುತ್ತದೆ. ಮೇಲೆ ಮರದ ತೊಲೆಗಳ ಮಾಡು, ಸುತ್ತ ಬಾಗಿಲಿಲ್ಲದ ಕಲ್ಲಿನ ಕಮಾನುಗಳು, ಕೆಳಗೆ ಉರುಟುಗಲ್ಲಿನ ಏರುತಗ್ಗಿನ ನೆಲ. ಒಂದು ಚೀಲ ಉಣ್ಣೆಯ ಅಧಿಕೃತ ತೂಕ 364 ಪೌಂಡ್, ಅಂದರೆ ಸುಮಾರು 165 ಕಿಲೋ. ಅಷ್ಟು ಭಾರದ, ಅಷ್ಟು ಬೆಲೆಯ ಸರಕನ್ನು ಬೀಗವಿಲ್ಲದ, ನಾಲ್ಕೂ ಕಡೆಯಿಂದ ಎರಚಲು ಹೊಡೆಯುವ ಜಾಗದಲ್ಲಿ ಯಾರೂ ಪೇರಿಸಿಡಲಾರರು. ಬುಟ್ಟಿಯಲ್ಲಿ ಬೆಣ್ಣೆ, ಚೀಸು, ಕೋಳಿ ತಂದು ಸಂಜೆಯೊಳಗೆ ಮಾರಿ ಹೊರಡುವವರಿಗೆ ಬೇಕಾದದ್ದು ತಲೆಯ ಮೇಲೊಂದು ನೆರಳು, ಹಾಯುವ ಗಾಳಿ. ಇದನ್ನು ಕಟ್ಟಿಸಿದ್ದು ಅವರಿಗಾಗಿಯೇ. ಗೋಡೆಯ ಮೇಲೆ ಹಿಕ್ಸನ ವಂಶಲಾಂಛನವಿದ್ದರೂ ನನ್ನ ಕಣ್ಣು ನಿಲ್ಲುವುದು ಆ ನೆಲದ ಮೇಲೆ.

ಹಿಕ್ಸ್ ಇದೇ ಊರಿನಲ್ಲಿ 1612ರಲ್ಲಿ ಆರು ಗಂಡಸರು, ಆರು ಹೆಂಗಸರಿಗೆಂದು ಬಡವರ ವಸತಿಮನೆಗಳನ್ನು ಕಟ್ಟಿಸಿದ್ದ. 1628ರಲ್ಲಿ ವೈಕೌಂಟ್ ಪದವಿ ಪಡೆದು ಮರುವರ್ಷವೇ ತೀರಿಕೊಂಡ. ಅವನ ಭವ್ಯ ಭವನ ಅಂತರ್ಯುದ್ಧದ ಕಾಲದಲ್ಲಿ, 1645ರಲ್ಲಿ, ಸುಟ್ಟು ಹಾಳಾಯಿತು. ಮಾರ್ಕೆಟ್ ಹಾಲ್ ಉಳಿಯಿತು. 1940ರ ದಶಕದಲ್ಲಿ ಅದು ಅಮೆರಿಕದ ಕೊಳ್ಳುಗರೊಬ್ಬರ ಪಾಲಾಗುವುದರಲ್ಲಿದ್ದಾಗ ಊರಿನವರು ಹಣ ಕೂಡಿಸಿ ತಾವೇ ಕೊಂಡುಕೊಂಡು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು.