ಬಾಳೆಗೊನೆಯ ಹಡಗಿನಲ್ಲಿ ಬಂದ ಯಾತ್ರಿಕರು

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಪ್ ಕಾಡ್ ತೀರದಲ್ಲಿ ವೆಲ್‌ಫ್ಲೀಟ್ ಎಂಬ ಚಿಕ್ಕ ಊರೊಂದಿದೆ. ಆ ಊರಿನ ಲೊರೆಂಜೊ ಡೌ ಬೇಕರ್ ಎಂಬ ಹಡಗಿನ ಯಜಮಾನನು 1870ರ ಸುಮಾರಿನಲ್ಲಿ, ಚಿನ್ನವನ್ನರಸಿ ಹೊರಟವರನ್ನು ವೆನಿಜುವೆಲಾದ ಒರಿನೋಕೊ ನದಿಯ ಪ್ರಾಂತಕ್ಕೆ ಮುಟ್ಟಿಸಿ, ತನ್ನ 'ಟೆಲಿಗ್ರಾಫ್' ಎಂಬ ಹಾಯಿಹಡಗಿನಲ್ಲಿ ಸ್ವದೇಶಕ್ಕೆ ಹಿಂದಿರುಗುತ್ತಿದ್ದಾಗ, ಹಡಗಿನ ದುರಸ್ತಿಗಾಗಿ ಜಮೈಕಾ ದ್ವೀಪದಲ್ಲಿ ತಂಗಿದನು. ತಂಗಿದವನು ಅಲ್ಲಿ ಅಗ್ಗವಾಗಿ ದೊರೆಯುತ್ತಿದ್ದ ಬಾಳೆಗೊನೆಗಳನ್ನು ಕೊಂಡು, ಅವು ಮಾಗಿ ಕೆಡುವುದಕ್ಕೆ ಮುಂಚೆಯೇ ಜರ್ಸಿ ಸಿಟಿಗೆ ಮುಟ್ಟಿಸಿ, ಒಳ್ಳೆಯ ಲಾಭಕ್ಕೆ ಮಾರಿದನು. ಉತ್ತರದ ಶೀತದೇಶದ ಬಹುಜನರು ಅದುವರೆಗೆ ಕಣ್ಣಿನಿಂದಲೂ ಕಂಡಿರದ ಹಣ್ಣು ಅದು. ಆ ವ್ಯಾಪಾರವು ಬೆಳೆದು 1885ರಲ್ಲಿ ಬಾಸ್ಟನ್ ಫ್ರೂಟ್ ಕಂಪೆನಿಯಾಯಿತು. 1899ರಲ್ಲಿ ಅದೇ ಇತರ ಸಂಸ್ಥೆಗಳೊಡನೆ ಕೂಡಿಕೊಂಡು, ಮಧ್ಯ ಅಮೆರಿಕದ ಸರಕಾರಗಳನ್ನೇ ನಡುಗಿಸಬಲ್ಲ ಯುನೈಟೆಡ್ ಫ್ರೂಟ್ ಕಂಪೆನಿಯಾಗಿ ಪರಿಣಮಿಸಿತು. ಇಂದು ಮಯಾಮಿಯಿಂದ ಮೂರುನಾಲ್ಕು ದಿನಗಳ ಕೆರಿಬಿಯನ್ ವಿಹಾರಕ್ಕೆ ಹೊರಡುವ ಪ್ರವಾಸಿಯು ರಾತ್ರಿಯೆಲ್ಲ ಕಡಲಿನಲ್ಲಿ ಸಾಗಿ, ಬೆಳಗಾಗುವಾಗ ಒಂದು ದ್ವೀಪದ ಧಕ್ಕೆಯಲ್ಲಿಳಿದು, ಕೆಲವೇ ಗಂಟೆಗಳಲ್ಲಿ ಊರು ನೋಡಿ ಮುಗಿಸಿ ಹಡಗಿಗೆ ಧಾವಿಸುತ್ತಾನಲ್ಲವೆ? ಆ ಕ್ರಮದ ಮೂಲವನ್ನು ನಾನು ಕಾಣುವುದು ಈ ಬಾಳೆಯ ವ್ಯಾಪಾರದಲ್ಲಿ.

ಜಮೈಕಾದ ಈಶಾನ್ಯ ತೀರದಲ್ಲಿರುವ ಪೋರ್ಟ್ ಆಂಟೋನಿಯೊ ಬಂದರು ಈ ವ್ಯಾಪಾರದ ತವರು. ಬೆಟ್ಟದ ತಪ್ಪಲಿನ ಸಣ್ಣ ಹಿಡುವಳಿದಾರರು ಕಡಿದು ತಂದ ಗೊನೆಗಳನ್ನು ಹೆಂಗಸರು ಗಂಡಸರೆನ್ನದೆ ತಲೆಯ ಮೇಲೆ ಹೊತ್ತು, ರಾತ್ರಿಯೆಲ್ಲ ಸಾಲುಗಟ್ಟಿ ಹಡಗಿಗೆ ಏರಿಸುತ್ತಿದ್ದರು. ಲೆಕ್ಕದ ಗುಮಾಸ್ತೆಯು ದಾರಿಯಲ್ಲಿ ನಿಂತು ಒಂದೊಂದು ಗೊನೆಯ ಚಿಪ್ಪುಗಳನ್ನು ಎಣಿಸುತ್ತಿದ್ದನು. ಒಂಬತ್ತು ಚಿಪ್ಪುಗಳಿದ್ದರೆ ಅದು ಪೂರ್ಣ ಗೊನೆ. ಎಂಟಿದ್ದರೆ ಮುಕ್ಕಾಲು, ಏಳಿದ್ದರೆ ಅರ್ಧ. ಒಂಬತ್ತನೆಯ ಚಿಪ್ಪೊಂದು ಇಲ್ಲದುದಕ್ಕೆ ಗೊನೆಯ ಕಾಲುಭಾಗದ ಬೆಲೆಯನ್ನೇ ಕಳೆದುಕೊಳ್ಳಬೇಕಾಗಿದ್ದ ಆ ರೈತನ ಪಾಡು ಎಂಥದೆಂಬುದು, ಬಾಳೆಯ ತೋಟ ಕಂಡ ನಮ್ಮವರಿಗೆ ವಿವರಿಸಿ ಹೇಳಬೇಕಾದುದಲ್ಲ. ಬಿಸಿಲಿನ ತಾಪವು ಒಡಲಿನೊಳಕ್ಕೆ ಇಳಿದು ಕಾಯಿ ಮಾಗಿಬಿಡದಂತೆ ಕಂಪೆನಿಯವರು ಹಡಗುಗಳ ಮೈಗೆ ಬಿಳಿಯ ಬಣ್ಣ ಬಳಿಸಿದರು. ಅದರಿಂದಲೇ ಆ ನೌಕಾಸಮೂಹಕ್ಕೆ 'ಗ್ರೇಟ್ ವೈಟ್ ಫ್ಲೀಟ್' ಎಂಬ ಹೆಸರು ಬಂದುದು. ಉತ್ತರಾಭಿಮುಖವಾಗಿ ಹಣ್ಣು ತುಂಬಿಕೊಂಡು ಹೋಗುವ ಹಡಗು ದಕ್ಷಿಣಕ್ಕೆ ಬರುವಾಗ ಬಹುಮಟ್ಟಿಗೆ ಬರಿದಾಗಿಯೇ ಬರಬೇಕಾಗಿತ್ತಷ್ಟೆ. ಆ ಬರಿದನ್ನು ತುಂಬುವ ಉಪಾಯವೇ ಯಾತ್ರಿಕರು. ಚಳಿಯಿಂದ ತಪ್ಪಿಸಿಕೊಳ್ಳಬಯಸುವ ಬಾಸ್ಟನ್ನಿನ ಅನುಕೂಲಸ್ಥರಿಗೆ ಕೆಲವು ಕೋಣೆಗಳನ್ನು ಸಜ್ಜುಗೊಳಿಸಿ, ಅವರು ಇಳಿದುಕೊಳ್ಳಲೆಂದು ಬೇಕರನು ಪೋರ್ಟ್ ಆಂಟೋನಿಯೊದ ಗುಡ್ಡದ ಮೇಲೆ ಟಿಚ್‌ಫೀಲ್ಡ್ ಎಂಬ ಹೋಟೆಲನ್ನು ನಡೆಯಿಸಿದನು. ಹಡಗಿನ ಗಡಿಯಾರವಾದರೋ ಹಣ್ಣಿನ ಅಧೀನದಲ್ಲಿತ್ತು. ಕಡಿದ ಗೊನೆ ಕಾಯುವುದಿಲ್ಲವಾದುದರಿಂದ, ಗೊನೆಯೊಡನೆ ಪಯಣಿಸುವ ಮನುಷ್ಯನಿಗಾಗಿ ಹಡಗು ಕಾಯುವಂತಿರಲಿಲ್ಲ.

ಇದಕ್ಕೆ ಹಿಂದೆ ಸುಖಕ್ಕಾಗಿ ಈ ದ್ವೀಪಗಳಿಗೆ ಬರುವೆನೆಂದವನನ್ನು ಜನರು ಹುಚ್ಚನೆಂದೇ ಭಾವಿಸುತ್ತಿದ್ದರು. ಏಕೆಂದರೆ ಹಳದಿಜ್ವರದ ದೆಸೆಯಿಂದ ಇವು ಐರೋಪ್ಯ ಸೈನಿಕರ ಸ್ಮಶಾನವೆಂದು ಪ್ರಸಿದ್ಧವಾಗಿದ್ದವು. ಆ ಜ್ವರವನ್ನು ಹರಡುವುದು ಸೊಳ್ಳೆಯೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೆಯು 1881ರಲ್ಲಿಯೇ ಹೇಳಿದ್ದನಾದರೂ ಲೋಕವು ಅವನ ಮಾತಿಗೆ ಕಿವಿಗೊಡಲಿಲ್ಲ. 1900ರಲ್ಲಿ ವಾಲ್ಟರ್ ರೀಡ್ ಮತ್ತು ಅವನ ಸಂಗಡಿಗರು ಹವಾನಾದಲ್ಲಿ ಪರೀಕ್ಷೆಗಳನ್ನು ನಡೆಸಿ ಅದನ್ನು ಸಿದ್ಧಮಾಡಿ ತೋರಿಸಿದ ಬಳಿಕ, ಸೊಳ್ಳೆಯ ನಿರ್ಮೂಲನದೊಡನೆ ಭಯವೂ ಕ್ರಮೇಣ ತೊಲಗಿತು. ಕೆರಿಬಿಯನ್ ವಿಹಾರದ ಚರಿತ್ರೆಯಲ್ಲಿ ಯಾವ ಹಡಗಿನ ಒಡೆಯನಿಗಿಂತಲೂ ಫಿನ್ಲೆಗೆ ಮೊದಲ ಸ್ಥಾನ ಸಲ್ಲಬೇಕೆಂದು ನಾನು ಹೇಳುತ್ತೇನೆ. ಜಮೈಕಾದ ಸರಕಾರವೂ ಇದೇ ಕಾಲದಲ್ಲಿ ಯಾತ್ರಿಕರನ್ನು ಕರೆಯುವ ಹವಣಿಕೆಯಲ್ಲಿತ್ತು: 1890ರಲ್ಲಿ ಹೋಟೆಲುಗಳ ನಿರ್ಮಾಣವನ್ನು ಪ್ರೋತ್ಸಾಹಿಸುವ ಕಾನೂನು ಬಂದಿತು, ಮರುವರ್ಷ ಕಿಂಗ್‌ಸ್ಟನ್ನಿನಲ್ಲಿ ದೊಡ್ಡದೊಂದು ಪ್ರದರ್ಶನ ನಡೆಯಿತು.

ಅಟ್ಲಾಂಟಿಕ್ಕಿನ ಆಚೆಯ ದಡದಲ್ಲಿ ಹಾಂಬುರ್ಗ್-ಅಮೆರಿಕ ನೌಕಾಸಂಸ್ಥೆಯ ಆಲ್ಬರ್ಟ್ ಬಾಲಿನ್ ಎಂಬಾತನಿಗೆ ಬೇರೊಂದು ಚಿಂತೆಯಿತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರು ವಿರಳವಾಗಿ, ಅವನ ದೊಡ್ಡ ಹಡಗುಗಳು ಸುಮ್ಮನೆ ನಿಲ್ಲುತ್ತಿದ್ದವು. 1891ರ ಜನವರಿಯಲ್ಲಿ ಅವನು ಅವುಗಳಲ್ಲೊಂದನ್ನು ಮೆಡಿಟರೇನಿಯನ್ ಸಮುದ್ರದ ವಿಹಾರಕ್ಕೆ ಕಳುಹಿಸಿದನು. ಯತ್ನವು ಫಲಿಸಲು, ಸರಕನ್ನಾಗಲಿ ವಲಸೆಗಾರರನ್ನಾಗಲಿ ಹೊರದೆ ವಿಹಾರಕ್ಕೆಂದೇ ನಿರ್ಮಿತವಾದ ಮೊದಲನೆಯ ನೌಕೆಯಾದ 'ಪ್ರಿನ್ಸೆಸಿನ್ ವಿಕ್ಟೋರಿಯಾ ಲೂಯಿಸೆ'ಯನ್ನು 1900ರಲ್ಲಿ ಹಾಂಬುರ್ಗಿನಲ್ಲಿ ಕಟ್ಟಿಸಿದನು. ಅದರಲ್ಲಿದ್ದುದು ಸುಮಾರು 120 ಕೋಣೆಗಳು, ಎಲ್ಲವೂ ಪ್ರಥಮದರ್ಜೆಯವು. ವೆಸ್ಟ್ ಇಂಡೀಸಿನ ದ್ವೀಪಗಳು ಅದರ ಚಳಿಗಾಲದ ಸಂಚಾರದ ಕ್ಷೇತ್ರವಾದವು. 1906ರ ಡಿಸೆಂಬರ್ 16ರ ರಾತ್ರಿ, ಕಿಂಗ್‌ಸ್ಟನ್ ಬಂದರಿನ ಬಾಯಲ್ಲಿರುವ ಪೋರ್ಟ್ ರಾಯಲ್ಲಿನ ಹತ್ತಿರ, ದೀಪಸ್ತಂಭದ ಗುರುತು ತಪ್ಪಿದ ಕಪ್ತಾನನು ಆ ನೌಕೆಯನ್ನು ಬಂಡೆಗೆ ಏರಿಸಿಬಿಟ್ಟನು. ಯಾತ್ರಿಕರೆಲ್ಲರೂ ಸುರಕ್ಷಿತವಾಗಿ ದಡ ಸೇರಿದರು. ಕಪ್ತಾನನು ಮಾತ್ರ ತನ್ನ ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡು ಪ್ರಾಣ ಬಿಟ್ಟನು. ಒಂದು ತಿಂಗಳೂ ತುಂಬುವ ಮೊದಲೇ, 1907ರ ಜನವರಿ 14ರಂದು, ಕಿಂಗ್‌ಸ್ಟನ್ ನಗರವನ್ನು ಭೂಕಂಪವು ಹಾಳುಗೆಡವಿತು.

ದೀರ್ಘವಿಹಾರವು ಧನಿಕರದಾಯಿತು; ಅಲ್ಪಾವಧಿಯ ವಿಹಾರವನ್ನು ಸಾಮಾನ್ಯನ ಕೈಗೆ ತಂದುದು ಅಮೆರಿಕದ ಪಾನನಿರೋಧ. 1920ರಿಂದ 1933ರವರೆಗೆ ಆ ದೇಶದಲ್ಲಿ ಮದ್ಯದ ಮಾರಾಟವು ನಿಷಿದ್ಧವಾಗಿದ್ದಾಗ, ವಿದೇಶೀ ಧ್ವಜದ ಹಡಗು ಕರಾವಳಿಯ ಸೀಮೆಯನ್ನು ದಾಟಿದೊಡನೆ ಅದರ ಪಾನಗೃಹದ ಬಾಗಿಲು ತೆರೆಯುತ್ತಿತ್ತು. ಹವಾನಾ ಮತ್ತು ನಾಸೋ ನಗರಗಳು ಕೆಲವು ದಿನಗಳ ಬಿಡುವಿನಲ್ಲಿ ಹೋಗಿಬರುವ ಸ್ಥಳಗಳಾದವು. ಅಟ್ಲಾಂಟಿಕ್ಕಿನ ವೇಗದ ರಾಣಿಯೆನಿಸಿದ್ದ 'ಮಾರಿಟೇನಿಯಾ' ಕೂಡ ತನ್ನ ವೃದ್ಧಾಪ್ಯದಲ್ಲಿ, 1930ರ ದಶಕದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಬಿಳಿಯ ಬಣ್ಣ ಬಳಿದುಕೊಂಡು ನ್ಯೂಯಾರ್ಕಿನಿಂದ ಈ ದ್ವೀಪಗಳ ಕಡೆಗೆ ಯಾತ್ರಿಕರನ್ನು ಒಯ್ದಿತು.

ಇಲ್ಲಿಯೇ ಒಂದು ಕಾಯಿದೆಯನ್ನು ಹೇಳಬೇಕು, ಏಕೆಂದರೆ ಇಂದಿನ ಯಾತ್ರಿಕನ ದಾರಿಯನ್ನೂ ಅವನ ಕಾಗದಪತ್ರಗಳನ್ನೂ ನಿಯಮಿಸುವುದು ಅದೇ. ವಿದೇಶೀ ಹಡಗು ಅಮೆರಿಕದ ಒಂದು ಬಂದರಿನಿಂದ ಅದೇ ದೇಶದ ಬಂದರಿಗೆ, ನಡುವೆ ಅನ್ಯದೇಶವನ್ನು ಮುಟ್ಟದೆ, ಯಾತ್ರಿಕರನ್ನು ಒಯ್ಯಕೂಡದೆಂದು 1886ರಲ್ಲಿ ಅಮೆರಿಕದ ಶಾಸನಸಭೆಯು ವಿಧಿಸಿತು. ಸ್ವದೇಶದ ಹಡಗು ಉದ್ಯಮವನ್ನು ಕಾಪಾಡಲೆಂದು ಬಂದ ವಿಧಿಯಿದು. ವಿಹಾರನೌಕೆಗಳು ಬಹುತೇಕ ಬಹಾಮಾಸ್, ಪನಾಮಾ ಮೊದಲಾದ ದೇಶಗಳ ಧ್ವಜವನ್ನು ಹೊತ್ತಿರುವುದರಿಂದ, ಮಯಾಮಿಯಿಂದ ಹೊರಟ ಅತಿಚಿಕ್ಕ ವಿಹಾರವೂ ಅಮೆರಿಕಕ್ಕೆ ಸೇರದ ಒಂದು ನೆಲವನ್ನು ಮುಟ್ಟಲೇಬೇಕು. ಆ ನೆಲಗಳಲ್ಲಿ ಅತ್ಯಂತ ಸಮೀಪವಾದುದು ಬಹಾಮಾಸ್. ಭಾರತದ ಪಾಸ್‌ಪೋರ್ಟ್ ಇರುವವರು ಇದರಿಂದ ಗ್ರಹಿಸಬೇಕಾದುದೊಂದುಂಟು: ನಾಸೋದಲ್ಲಿ ಇಳಿದವನು ಅಮೆರಿಕವನ್ನು ಬಿಟ್ಟು ಹೊರಟವನಾಗುತ್ತಾನೆ, ಆದುದರಿಂದ ಒಂದೇ ಸಲದ ಪ್ರವೇಶಕ್ಕೆ ಸಲ್ಲುವ ಅಮೆರಿಕದ ವೀಸಾ ಅವನಿಗೆ ಸಾಲದು, ಮರುಪ್ರವೇಶಕ್ಕೂ ಸಲ್ಲುವಂಥದು ಬೇಕು. ಹಡಗು ಮುಟ್ಟುವ ಪ್ರತಿಯೊಂದು ದೇಶದ ನಿಯಮವನ್ನೂ ಟಿಕೆಟಿನ ಹಣ ತೆರುವ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ.

1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ಕನ್ನು ದಾಟತೊಡಗಿದುವು. ದಶಕವೊಂದು ಕಳೆಯುವುದರೊಳಗೆ ಮಹಾನೌಕೆಗಳ ಕಾಲವು ಮುಗಿಯುತ್ತ ಬಂದಿತು. 1959ರ ಕ್ರಾಂತಿಯ ಅನಂತರ ಅಮೆರಿಕದ ಯಾತ್ರಿಕರಿಗೆ ಹವಾನಾದ ಬಾಗಿಲೂ ಮುಚ್ಚಿತು. ಉದ್ಯಮವೇ ಅಸ್ತಂಗತವಾಯಿತೆಂದು ತೋರುತ್ತಿದ್ದಾಗ, ಯುರೋಪಿನ ಒಂದು ರಾಜಕೀಯ ವಿವಾದವು ಅನಿರೀಕ್ಷಿತವಾಗಿ ಅದಕ್ಕೆ ಜೀವ ತುಂಬಿತು. ನಾರ್ವೆಯ ಕ್ನೂಟ್ ಕ್ಲೋಸ್ಟರ್ ಎಂಬ ಹಡಗಿನೊಡೆಯನು ಇಂಗ್ಲೆಂಡಿನಿಂದ ಜಿಬ್ರಾಲ್ಟರಿಗೆ ಜನರನ್ನೂ ಅವರ ಕಾರುಗಳನ್ನೂ ಒಯ್ಯಲೆಂದು 'ಸನ್‌ವರ್ಡ್' ಎಂಬ ನೌಕೆಯನ್ನು ಕಟ್ಟಿಸಿದ್ದನು. ಜಿಬ್ರಾಲ್ಟರಿನ ವಿಚಾರದಲ್ಲಿ ಸ್ಪೇನಿನ ಫ್ರಾಂಕೊ ಸರಕಾರವು ಹೂಡಿದ ತಡೆಗಳೂ, ಪರದೇಶಕ್ಕೆ ಹೋಗುವ ಬ್ರಿಟಿಷ್ ಪ್ರಜೆಯು 50 ಪೌಂಡಿಗಿಂತ ಹೆಚ್ಚು ಹಣ ಒಯ್ಯಕೂಡದೆಂದು 1966ರಲ್ಲಿ ಬಂದ ನಿರ್ಬಂಧವೂ ಸೇರಿ ಆ ಯೋಜನೆಯನ್ನು ಮುರಿದುವು. ಅತ್ತ ಮಯಾಮಿಯಲ್ಲಿ ಟೆಡ್ ಆರಿಸನ್ ಎಂಬ ವ್ಯಾಪಾರಿಯು ವಿಹಾರಕ್ಕೆ ಹೆಸರು ಕೊಟ್ಟ ಯಾತ್ರಿಕರನ್ನು ಇಟ್ಟುಕೊಂಡು, ಹಡಗು ಕೈತಪ್ಪಿ ಕುಳಿತಿದ್ದನು. ಒಬ್ಬನಲ್ಲಿ ಹಡಗಿತ್ತು, ಇನ್ನೊಬ್ಬನಲ್ಲಿ ಜನರಿದ್ದರು. 1966ರ ಡಿಸೆಂಬರಿನಲ್ಲಿ 'ಸನ್‌ವರ್ಡ್' ಮಯಾಮಿಯಿಂದ ನಾಸೋವಿಗೆ ಹೊರಟಿತು. ವಾರದಲ್ಲಿ ಒಮ್ಮೆ ಮೂರು ದಿನಗಳ, ಮತ್ತೊಮ್ಮೆ ನಾಲ್ಕು ದಿನಗಳ ವಿಹಾರವೆಂಬ, ಇಂದಿಗೂ ಬಳಕೆಯಲ್ಲಿರುವ ಏರ್ಪಾಟು ಆಗ ನೆಲೆಗೊಂಡಿತು. ಮುಂದೆ ಇಬ್ಬರೂ ಬೇರೆಯಾದರು. ಆರಿಸನ್ 1972ರಲ್ಲಿ ಆರಂಭಿಸಿದ ಕಾರ್ನಿವಲ್ ಸಂಸ್ಥೆಯ ಮೊದಲ ಹಡಗು 'ಮಾರ್ಡಿ ಗ್ರಾ' ತನ್ನ ಪ್ರಥಮ ಯಾತ್ರೆಯಲ್ಲಿಯೇ ಮಯಾಮಿಯ ಹೊರಗೆ ಮರಳದಿಬ್ಬದಲ್ಲಿ ಸಿಕ್ಕಿಕೊಂಡಿತಾದರೂ, ಆ ಸಂಸ್ಥೆಯು ಮುಂದೆ ಈ ಉದ್ಯಮದಲ್ಲಿಯೇ ಅಗ್ರಗಣ್ಯವಾಯಿತು.

ಅಲ್ಲಿಂದಾಚೆಗಿನದು ಗಾತ್ರದ ಕಥೆ. 1970ರ 'ಸಾಂಗ್ ಆಫ್ ನಾರ್ವೆ'ಯನ್ನು 1978ರಲ್ಲಿ ನಡುವೆ ಕತ್ತರಿಸಿ, 85 ಅಡಿಗಳ ಹೊಸ ತುಂಡೊಂದನ್ನು ಸೇರಿಸಿ ಬೆಸೆದರು. 2024ರಲ್ಲಿ ಸಂಚಾರಕ್ಕಿಳಿದ 'ಐಕಾನ್ ಆಫ್ ದಿ ಸೀಸ್' ಸುಮಾರು 2,48,000 ಟನ್ನಿನದು. ಇಷ್ಟು ದೊಡ್ಡ ಹಡಗು ಎಲ್ಲ ಬಂದರುಗಳಿಗೂ ಒಗ್ಗುವುದಿಲ್ಲ. ಹಳೆಯ 'ಫ್ರಾನ್ಸ್' ಹಡಗು 1980ರಲ್ಲಿ 'ನಾರ್ವೆ'ಯೆಂಬ ಹೆಸರಿನಿಂದ ಕೆರಿಬಿಯನ್ನಿಗೆ ಬಂದಾಗ, ಸಣ್ಣ ಬಂದರುಗಳ ನೀರಿನ ಆಳವು ಸಾಲದಾಗಿ, ಯಾತ್ರಿಕರನ್ನು ದಡಕ್ಕೆ ಮುಟ್ಟಿಸಲು ಎರಡು ದೋಣಿಗಳನ್ನು ತನ್ನ ಮುಂಭಾಗದಲ್ಲಿಯೇ ಹೊತ್ತು ತಿರುಗುತ್ತಿತ್ತು. ಟೆಂಡರ್ ಎನ್ನುವ ಅಂತಹ ದೋಣಿಗಳಿಂದ ಇಳಿಯಬೇಕಾದ ಬಂದರಿನಲ್ಲಿ, ಸರದಿಯ ಚೀಟಿಯನ್ನು ಬೆಳಗ್ಗೆಯೇ ಪಡೆಯದವನ ಅರ್ಧದಿನವು ಕಾಯುವುದರಲ್ಲಿಯೇ ಕಳೆಯುವುದು. ಅಲೆಯೆದ್ದ ದಿನ ಆ ಬಂದರು ರದ್ದಾಗುವುದೂ ಉಂಟು. ಈ ತೊಡಕುಗಳನ್ನೆಲ್ಲ ತಪ್ಪಿಸಲು ಸಂಸ್ಥೆಗಳು ತಮ್ಮವೇ ಆದ ಮರಳದಂಡೆಗಳನ್ನು ಸಂಪಾದಿಸಿದವು: 1977ರಲ್ಲಿ ಬಹಾಮಾಸಿನ ಗ್ರೇಟ್ ಸ್ಟಿರಪ್ ಕೇ, 1986ರಲ್ಲಿ ಹೈಟಿಯ ಲಬಾಡೀ. ಆ ದಂಡೆಗಳಲ್ಲಿ ಈಜಬಹುದು, ಉಣ್ಣಬಹುದು. ಆದರೆ ಹೈಟಿಯಲ್ಲಿ ಇಳಿದೂ, ದಾಸರೇ ದಂಗೆಯೆದ್ದು 1804ರಲ್ಲಿ ಸ್ವತಂತ್ರವಾಗಿಸಿದ ಆ ನಾಡನ್ನು ಕಾಣದೆ ಯಾತ್ರಿಕರು ಮರಳುತ್ತಿದ್ದುದು ನನಗೆ ಬಹಳ ದುಃಖದ ವಿಷಯವಾಗಿ ತೋರುತ್ತದೆ.

ಹಾಗಿರುವಲ್ಲಿ ನಿಜವಾದ ಊರೊಂದರಲ್ಲಿ ಇಳಿಯುವ ಭಾಗ್ಯವು ಒದಗಿದಾಗ, ಬಸ್ಸಿನ ಕಿಟಕಿಯಿಂದ ಹತ್ತು ಸ್ಥಳಗಳನ್ನು ನೋಡುವುದಕ್ಕಿಂತ, ಕಾಲ್ನಡೆಯಲ್ಲಿ ಒಂದನ್ನು ನೋಡುವುದು ಲೇಸು. ನಾಸೋದ ಪ್ರಿನ್ಸ್ ಜಾರ್ಜ್ ಧಕ್ಕೆಯಿಂದ ಕ್ವೀನ್ಸ್ ಸ್ಟೇರ್‌ಕೇಸ್ ಎಂಬ ಮೆಟ್ಟಿಲಸಾಲಿಗೆ ನಡೆದೇ ಹೋಗಬಹುದು. ಹದಿನೆಂಟನೆಯ ಶತಮಾನದ ಅಂತ್ಯದಲ್ಲಿ ದಾಸ್ಯದಲ್ಲಿದ್ದ ಆಫ್ರಿಕದ ಜನರು ಸುಣ್ಣಕಲ್ಲಿನ ಗುಡ್ಡವನ್ನು ಕೈಯಾರೆ ಕಡಿದು, ಮೇಲಣ ಫಿನ್‌ಕಾಸಲ್ ಕೋಟೆಗೆ ದಾರಿ ಮಾಡಿದರು. ರಾಣಿಯ ಹೆಸರು ಬಂದುದು ಆಮೇಲೆ. ಆ ಕಲ್ಲಿನ ಗೋಡೆಗೆ ಅಂಗೈಯಿಟ್ಟು ನೋಡಿದವನಿಗೆ, ಬಿಸಿಲಿನಲ್ಲಿ ಅದನ್ನು ಕಡಿದವರ ಶ್ರಮವು ಯಾವ ಮಾರ್ಗದರ್ಶಿಯ ಮಾತೂ ಇಲ್ಲದೆ ತಿಳಿಯುವುದು. ದೂರದ ಸ್ಥಳಕ್ಕೆ ಹೋಗಬೇಕೆನ್ನುವವರು ಮಾತ್ರ ಹಡಗಿನವರೇ ಏರ್ಪಡಿಸಿದ ಪ್ರವಾಸವನ್ನು ಹಿಡಿಯುವುದು ಒಳಿತು. ಆ ಗುಂಪು ತಡವಾದರೆ ಹಡಗು ಕಾಯುತ್ತದೆ, ಸ್ವಂತ ಗಾಡಿ ಮಾಡಿಕೊಂಡು ಹೋದವನಿಗಾಗಿ ಕಾಯುವುದಿಲ್ಲ. ದ್ವೀಪದ ಗಡಿಯಾರವೂ ಹಡಗಿನ ಗಡಿಯಾರವೂ ಕೆಲವೊಮ್ಮೆ ಒಂದು ಗಂಟೆಯಷ್ಟು ಭಿನ್ನವಾಗುವುದರಿಂದ, ಇಳಿಯುವ ಮುನ್ನ ಹಡಗಿನ ವೇಳೆಯನ್ನು ಕೈಗಡಿಯಾರದಲ್ಲಿ ಸರಿಪಡಿಸಿಕೊಳ್ಳಬೇಕು.

ನಮ್ಮ ತಲೆಮಾರಿನ ಕನ್ನಡಿಗರಿಗೆ ಈ ದ್ವೀಪಗಳ ಊರುಗಳ ಹೆಸರು ತಿಳಿದುಬಂದುದು ಕ್ರಿಕೆಟ್ಟಿನಿಂದ. 1976ರಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತವು ನಾಲ್ಕನೆಯ ಇನಿಂಗ್ಸಿನಲ್ಲಿ 400ಕ್ಕೂ ಮಿಕ್ಕಿ ಓಟಗಳನ್ನು ಗಳಿಸಿ ಗೆದ್ದಾಗ, ಅದರಲ್ಲಿ 112 ಓಟಗಳು ನಮ್ಮ ವಿಶ್ವನಾಥರವು. ಕೊನೆಯವರೆಗೂ ನಿಂತವರು ಬ್ರಿಜೇಶ್ ಪಟೇಲರು. ಅದೇ ಊರಿನ ಬಂದರಿಗೆ 1845ರ ಮೇ 30ರಂದು 'ಫತೇಲ್ ರಜಾಕ್' ಎಂಬ ಹಡಗು, ಕಬ್ಬಿನ ತೋಟಗಳಿಗೆಂದು ಕರಾರಿನ ಮೇಲೆ ಕರೆತಂದ ಭಾರತೀಯ ಕೂಲಿಗಳನ್ನು ಇಳಿಸಿತ್ತು. ಆ ವಂಶದವರ ದೀಪಾವಳಿಯನ್ನೂ ಹಬ್ಬದೂಟವನ್ನೂ ಕಾಣಬಯಸುವವರು ಮೂರು ದಿನಗಳ ವಿಹಾರವನ್ನು ನೆಚ್ಚಬಾರದು. ಟ್ರಿನಿಡಾಡ್ ದಕ್ಷಿಣದ ತುದಿಯಲ್ಲಿದೆ, ಅಲ್ಲಿಗೆ ದೀರ್ಘಯಾತ್ರೆಯೇ ಬೇಕು.

ಜಮೈಕಾದ ಉತ್ತರ ತೀರದ ಫಾಲ್ಮತ್ ಊರಿನಲ್ಲಿ ಇಳಿಯುವವರಿಗೆ ಒಂದು ವಿಶೇಷ ಸೂಚನೆಯನ್ನು ಕೊಡಬೇಕೆನಿಸುತ್ತದೆ. 1769ರಲ್ಲಿ ಸ್ಥಾಪಿತವಾಗಿ, ಸಕ್ಕರೆಯ ಸಾಗಣೆಯಿಂದ ಕೊಬ್ಬಿದ ಊರು ಅದು. ಅತಿದೊಡ್ಡ ಹಡಗುಗಳಿಗಾಗಿ 2011ರಲ್ಲಿ ಅಲ್ಲಿ ಹೊಸ ಧಕ್ಕೆಯಾಯಿತು. ಧಕ್ಕೆಯ ಆವರಣದೊಳಗೆಯೇ ಅಂಗಡಿಗಳ ಸಾಲಿರುವುದರಿಂದ, ಬಹುಮಂದಿ ಗೇಟನ್ನು ದಾಟದೆಯೇ ಹಡಗಿಗೆ ಮರಳುತ್ತಾರೆ. ಗೇಟನ್ನು ದಾಟಿ, ಸ್ಥಳೀಯನೊಬ್ಬನನ್ನು ಮಾರ್ಗದರ್ಶಿಯಾಗಿ ಕರೆದುಕೊಂಡು, ಅವನಿಗೆ ಸಲ್ಲತಕ್ಕ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಟ್ಟು, ವಾಟರ್ ಸ್ಕ್ವೇರ್ ಮಾರ್ಗವಾಗಿ ಪಾದ್ರಿ ವಿಲಿಯಂ ನಿಬ್ಬನ ಬ್ಯಾಪ್ಟಿಸ್ಟ್ ಇಗರ್ಜಿಯವರೆಗೆ ನಡೆಯಿರಿ. 1838ರ ಜುಲೈ 31ರ ರಾತ್ರಿ, ಮರುದಿನ ಪೂರ್ಣವಾದ ಬಿಡುಗಡೆಯನ್ನು ಪಡೆಯಲಿದ್ದ ದಾಸಜನರು ನಿಬ್ಬನೊಡನೆ ಅಲ್ಲಿ ನೆರೆದು, ಸಂಕೋಲೆ, ಚಾವಟಿ, ಕಬ್ಬಿಣದ ಕೊರಳಪಟ್ಟಿಗಳನ್ನು ಒಂದು ಶವಪೆಟ್ಟಿಗೆಯಲ್ಲಿಟ್ಟು ಹೂಳಿದರು. ಧಕ್ಕೆಯಿಂದ ಆ ಸ್ಥಳಕ್ಕೆ ನಡೆದು ಹೋಗಿ ಬರುವುದಕ್ಕೆ, ಸಾವಕಾಶವಾಗಿ ನೋಡಿಯೂ, ಒಂದು ಬೆಳಗಿನ ಹೊತ್ತು ಧಾರಾಳವಾಗಿ ಸಾಕು.